ಹಳೇ ಗುಡಿ ಪಕ್ಕ ಹೋಟೆಲ್ ಟವರ್ ಬರುತ್ತೆ ಅಂದ್ರೆ ತಕರಾರು ಎಲ್ಲಿ ಕೊಡಬೇಕು, ಏನಂತ ಬರೀಬೇಕು

ಊರಿಗೆ ಹೆಸರು ತಂದ ಕಟ್ಟಡದ ಪಕ್ಕ ಹತ್ತು-ಹನ್ನೆರಡು ಮಹಡಿ ಹೋಟೆಲ್ ಬರುತ್ತೆ ಅಂತ ಸುದ್ದಿ ಹಬ್ಬಿದರೆ ಸಾಕು, ಚಹಾದಂಗಡಿ ಎರಡು ಪಾಲಾಗುತ್ತದೆ. ಒಬ್ಬರು "ಊರಿನ ಅಂದ ಕೆಟ್ಟಿತು" ಅಂತಾರೆ, ಇನ್ನೊಬ್ಬರು "ನಾಲ್ಕು ಮಂದಿಗೆ ಕೆಲಸ ಸಿಗುತ್ತೆ, ನಿಮಗೇನು ತ್ರಾಸು" ಅಂತಾರೆ. ವಾಟ್ಸಾಪ್‌ನಲ್ಲಿ ಮೂರು ದಿನ ಜೋರು ಜಗಳ. ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ, ಕಡತ ಮಾತ್ರ ಸುಮ್ನೆ ಮುಂದೆ ಹೋಗುತ್ತಿರುತ್ತದೆ. ನಿಮ್ಮ ಮಾತು ಆ ಕಡತದೊಳಗೆ ಸೇರಬೇಕಾದರೆ ಏನು ಮಾಡಬೇಕು ಅನ್ನೋದಷ್ಟೇ ಇಲ್ಲಿನ ವಿಷಯ. ನೀವು ಪರವೋ ವಿರೋಧವೋ, ದಾರಿ ಒಂದೇ.

ಮೊದಲು ನ್ಯೂಯಾರ್ಕ್ ಕಥೆ ಕೇಳಿ, ಯಾವ ವಾದ ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಎಂಪೈರ್ ಸ್ಟೇಟ್ ಬಿಲ್ಡಿಂಗ್ 1931ರದ್ದು, ಎತ್ತರ 1,250 ಅಡಿ. ಅದರ ಸಮೀಪದಲ್ಲೇ 1919ರ ಹೋಟೆಲ್ ಪೆನ್ಸಿಲ್ವೇನಿಯಾ ಇತ್ತು. ಆ ಹೋಟೆಲ್ ಕೆಡವಿ ಸುಮಾರು 1,200 ಅಡಿಯ ಟವರ್ ಕಟ್ಟುತ್ತೇವೆ ಅಂತ ವೋರ್ನಾಡೊ ಕಂಪನಿ ಹೊರಟಿತು. ಎಂಪೈರ್ ಸ್ಟೇಟ್ ಮಾಲೀಕರ ಪರವಾಗಿ ಆಂಥನಿ ಮಾಲ್ಕಿನ್ ಜೋರಾಗಿ ವಿರೋಧಿಸಿದರು. ನಮ್ಮ ಕಟ್ಟಡದ ಸುತ್ತ 17 ಬ್ಲಾಕ್‌ವರೆಗೆ ಇಷ್ಟು ಎತ್ತರದ್ದು ಬರಲೇಬಾರದು, ಊರಿನ ನೋಟವೇ ಹಾಳಾಗುತ್ತೆ ಅನ್ನೋದು ಅವರ ವಾದ. 2010ರ ಆಗಸ್ಟ್‌ನಲ್ಲಿ ಸಿಟಿ ಕೌನ್ಸಿಲ್ ಮತ ಹಾಕಿತು. ಟವರ್ ಪರ 47, ವಿರುದ್ಧ 1! ಮೇಯರ್ ಬ್ಲೂಮ್‌ಬರ್ಗ್ ಕೂಡ ಟವರ್ ಕಡೆಗೇ ಇದ್ದರು.

ಅಲ್ಲಿ ಕೆಲಸ ಮಾಡಿದ್ದು ಬೇರೆಯೇ ಮಾತು. ಸಬ್‌ವೇ ನಿಲ್ದಾಣಗಳ ಸುಧಾರಣೆಗೆ 10 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚು ಮಾಡುತ್ತೇವೆ, ಮುಚ್ಚಿಹೋಗಿದ್ದ ನೆಲದಡಿಯ ಕಾಲುದಾರಿ ಮತ್ತೆ ತೆರೆಯುತ್ತೇವೆ ಅಂತ ಕಂಪನಿ ಒಪ್ಪಿಕೊಂಡಿತ್ತು. ಕ್ರೈಸ್ಲರ್ ಬಿಲ್ಡಿಂಗ್ ಹತ್ತಿರವೂ ಹೆಚ್ಚುಕಮ್ಮಿ ಇದೇ ಆಯಿತು. ಅದು 1,046 ಅಡಿ. ಅದರ ಬಗಲಿಗೇ ಈಗಿರುವ ಹೋಟೆಲ್ ತೆಗೆದು, ಒಳಗೆ ಹೊಸ ಹೋಟೆಲ್ ಇರುವ ಸುಮಾರು 1,575 ಅಡಿಯ ಟವರ್ ಕಟ್ಟಲು 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲೂ ಮುಂದಿಟ್ಟಿದ್ದು ನಿಲ್ದಾಣದ ಸುಧಾರಣೆಯನ್ನೇ. ಅಂದರೆ "ಚಂದ ಕಾಣಲ್ಲ" ಅಂದವರು ಸೋತರು, "ಬರೋದಾದರೆ ಇದನ್ನು ಮಾಡಿಕೊಡಿ" ಅಂದವರಿಗೆ ಏನಾದರೂ ದಕ್ಕಿತು. ಮತ ಬಿದ್ದರೂ ಮೊದಲನೇ ಟವರ್ ಇನ್ನೂ ಎದ್ದಿಲ್ಲ, ಹಳೇ ಹೋಟೆಲ್ ಮಾತ್ರ 2023ರ ಹೊತ್ತಿಗೆ ನೆಲಸಮ ಆಯಿತು. ಅದು ಬೇರೆ ಸಂಕಟ.

ಈಗ ನಮ್ಮ ಕಡೆಗೆ ಬರೋಣ. ಸುಮ್ನೆ ಉದಾಹರಣೆಗೆ, ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಹತ್ತಿರ ಹನ್ನೆರಡು ಮಹಡಿ ಹೋಟೆಲ್ ಬರುತ್ತೆ ಅಂತ ಇಟ್ಟುಕೊಳ್ಳಿ. ನ್ಯೂಯಾರ್ಕ್‌ನ ಮಾಲ್ಕಿನ್ ಕೈಯಲ್ಲಿ ಇರದಿದ್ದ ಒಂದು ಆಯುಧ ನಿಮ್ಮ ಕೈಯಲ್ಲಿದೆ. ಈ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಹೊಸ ಕಟ್ಟಡ ಕಟ್ಟುವಂತೆಯೇ ಇಲ್ಲ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ಬೇಕು. ಮೀರಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿ ಮತ್ತು ಬ್ರಹ್ಮ ಜಿನಾಲಯ, ಹಾವೇರಿಯ ಸಿದ್ಧೇಶ್ವರ, ಎಲ್ಲಕ್ಕೂ ಇದೇ ಲೆಕ್ಕ.

ಹಾಗಾಗಿ ಮೊದಲ ಕೆಲಸ ಅಳತೆ. ಬೈಗುಳ ಆಮೇಲೆ. ಅಳೆಯಬೇಕಾದದ್ದು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಈ ಒಂದು ವ್ಯತ್ಯಾಸದಲ್ಲೇ ಎಷ್ಟೋ ನಿವೇಶನಗಳು ಒಳಗೆ ಬರುತ್ತವೆ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಬರೆದುಕೊಳ್ಳಿ. ಫೋನಿನ ಮ್ಯಾಪ್‌ನಲ್ಲಿ ದೂರ ಅಳೆದು ಚಿತ್ರ ತೆಗೆದಿಟ್ಟುಕೊಳ್ಳಿ. ಮ್ಯಾಪಿನ ಅಳತೆ ಅಂತಿಮ ಅಲ್ಲ, ಆದರೆ "ಅಧಿಕೃತವಾಗಿ ಅಳತೆ ಮಾಡಿಸಿ" ಅಂತ ಕೇಳಲು ಅಷ್ಟು ಸಾಕು. ಪುರಾತತ್ವ ಇಲಾಖೆಯ ವಲಯ ಕಚೇರಿ ಧಾರವಾಡದಲ್ಲೇ ಇದೆ, ನಮ್ಮ ಪುಣ್ಯ. ಬೆಂಗಳೂರಿಗೆ ಓಡಬೇಕಿಲ್ಲ.

ಇನ್ನೊಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಒಂದೊಂದು ಸ್ಮಾರಕಕ್ಕೂ ಬೇರೆ ಬೇರೆ ಪಾರಂಪರಿಕ ಉಪವಿಧಿ ಮಾಡಲು ಅವಕಾಶ ಇದೆ. ನಿಯಂತ್ರಿತ ಪ್ರದೇಶದಲ್ಲಿ ಎಷ್ಟು ಎತ್ತರ, ಮುಂಭಾಗ ಹೇಗೆ ಅನ್ನೋದೆಲ್ಲ ಅದರಲ್ಲೇ ಬರುತ್ತೆ. ಕರಡು ಪ್ರಕಟ ಆದಾಗ ಸಾರ್ವಜನಿಕರು 30 ದಿನದೊಳಗೆ ಅಭಿಪ್ರಾಯ ಕೊಡಬಹುದು. ನೋಟದ ಬಗ್ಗೆ, ಎತ್ತರದ ಬಗ್ಗೆ ಹೊಟ್ಟೆಯಲ್ಲಿ ಇರುವುದನ್ನೆಲ್ಲ ಹೇಳಲು ಸರಿಯಾದ ಜಾಗ ಅದು. ಯಾವ ಹೋಟೆಲ್ ಸುದ್ದಿಯೂ ಇಲ್ಲದ ದಿನಗಳಲ್ಲಿ ಅದನ್ನು ಯಾರೂ ಓದಲ್ಲ ಅನ್ನೋದೇ ತೊಂದರೆ.

ಕಟ್ಟಡ ಯಾವ ಸಂರಕ್ಷಿತ ಪಟ್ಟಿಯಲ್ಲೂ ಇಲ್ಲ ಅಂದರೆ? ಆಗ ಕಷ್ಟ ಜಾಸ್ತಿ. ನಮಗೆ ಪ್ರೀತಿಯ ಎಷ್ಟೋ ಕಟ್ಟಡಗಳ ಕಥೆ ಇದೇ. ನಮ್ಮಲ್ಲಿ ಒಂದು ಕಟ್ಟಡದ ನಕ್ಷೆ ಮಂಜೂರು ಮಾಡುವ ಮೊದಲು ಪಾಲಿಕೆ ಊರವರನ್ನು ಕೂರಿಸಿ ಕೇಳುವುದಿಲ್ಲ. 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು ನಿಜ, ಆದರೆ 2006ರ ಅಧಿಸೂಚನೆಯಲ್ಲಿ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಯಾರೋ ಬಂದು "ಅಹವಾಲು ಸಭೆ ಕರೀತಾರೆ, ಅಲ್ಲಿ ಮಾತಾಡೋಣ" ಅಂದರೆ ಕಾಯುತ್ತಾ ಕೂರಬೇಡಿ.

ಉಳಿದ ದೊಡ್ಡ ಬಾಗಿಲು ಭೂ ಬಳಕೆ ಬದಲಾವಣೆ. ವಸತಿ ಜಾಗದಲ್ಲಿ ಹೋಟೆಲ್ ಕಟ್ಟಬೇಕಾದರೆ ಸಾಮಾನ್ಯವಾಗಿ ಅದನ್ನು ವಾಣಿಜ್ಯಕ್ಕೆ ಬದಲಿಸಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ಅದಕ್ಕೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಇದು ಹುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಕೆಲಸ. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಟೆಂಡರ್‌ಗಳ ನಡುವೆ ಇರುತ್ತದೆ. ಓಣಿಯಲ್ಲಿ ನಿವೃತ್ತರು ಒಬ್ಬರಾದರೂ ದಿನಾ ಪೇಪರ್ ಪೂರ್ತಿ ಓದುವವರು ಇದ್ದೇ ಇರುತ್ತಾರಲ್ಲ, ಅವರಿಗೆ ಈ ಕೆಲಸ ಒಪ್ಪಿಸಿ. ಕೊನೆಯ ದಿನಾಂಕ ದಾಟಿದರೆ ನಿಮ್ಮ ಅರ್ಜಿಯನ್ನು ಪಕ್ಕಕ್ಕಿಡಲು ಸುಲಭದ ಕಾರಣ ಸಿಕ್ಕಂತೆ.

ಏನೂ ಗೊತ್ತಾಗುತ್ತಿಲ್ಲ, ಬರೀ ಗಾಳಿಸುದ್ದಿ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಪುರಾಣ ಬೇಡ. ಇಷ್ಟನೇ ಸರ್ವೆ ನಂಬರಿಗೆ ಬಂದ ಅರ್ಜಿ, ನಕ್ಷೆ, ಕೊಟ್ಟ ನಿರಾಕ್ಷೇಪಣಾ ಪತ್ರಗಳ ಪ್ರತಿ ಕೊಡಿ, ಅಷ್ಟೇ. "ಯಾಕೆ ಕೊಟ್ಟಿರಿ" ಅಂತ ಕೇಳಿದರೆ ಉತ್ತರ ಬರಲ್ಲ, ಕಡತದ ಪ್ರತಿ ಕೇಳಿದರೆ ಬರುತ್ತೆ.

ಆಕ್ಷೇಪಣೆ ಬರೆಯುವಾಗ ಅಧಿಕಾರಿ ತನ್ನ ಕಾನೂನಿನೊಳಗೆ ಏನು ಮಾಡಬಹುದೋ ಅದನ್ನೇ ಬರೆಯಿರಿ. ಅಂದ-ಚಂದ ಅವರ ಟೇಬಲ್ ಮೇಲಿನ ವಿಷಯ ಅಲ್ಲ. ರಸ್ತೆ ಅಗಲ, ಪಾರ್ಕಿಂಗ್, ಒಳಚರಂಡಿ, ನೀರು, ಅಗ್ನಿಶಾಮಕ ವಾಹನ ಸುತ್ತ ತಿರುಗುವಷ್ಟು ಜಾಗ, ಇವು ವಿಷಯಗಳು. ಎತ್ತರ ಜಾಸ್ತಿ ಇದ್ದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ಅನುಮತಿ ತಗೊಂಡಿದ್ದಾರಾ ಅಂತಲೂ ಕೇಳಿ, ಗೋಕುಲ ರಸ್ತೆಯ ಏರ್‌ಪೋರ್ಟ್ ಊರೊಳಗೇ ಇದ್ದಂತಿದೆ. ನೀರಿನ ಮಾತಂತೂ ಬಿಡಲೇಬೇಡಿ. ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಇನ್ನೂರು ಕೋಣೆಯ ಹೋಟೆಲ್‌ಗೆ ನೀರು ಎಲ್ಲಿಂದ ಅಂತ ಕೇಳುವುದು ತರಲೆ ಪ್ರಶ್ನೆ ಅಲ್ಲ.

ಮಾದರಿ ಬೇಕು ಅಂದರೆ ಹೀಗೆ: "ಇಂಥ ದಿನಾಂಕದ ಪ್ರಕಟಣೆಗೆ ಆಕ್ಷೇಪಣೆ. ನಾನು ಈ ಜಾಗದಿಂದ ಸುಮಾರು ಇಷ್ಟು ಮೀಟರ್ ದೂರದ ನಿವಾಸಿ. ಉದ್ದೇಶಿತ ಕಟ್ಟಡ ಸಂರಕ್ಷಿತ ಸ್ಮಾರಕದ ಗಡಿಯಿಂದ ಇಷ್ಟು ಮೀಟರ್ ಒಳಗೆ ಇರುವಂತೆ ಕಾಣುತ್ತದೆ, ಜಂಟಿ ಅಳತೆ ಮಾಡಿಸಬೇಕು. ಮುಂದಿನ ರಸ್ತೆ ಇಷ್ಟು ಅಡಿ ಅಗಲ ಇದೆ, ಫೋಟೋ ಲಗತ್ತಿಸಿದ್ದೇನೆ. ಅಳತೆ ಮುಗಿಯುವವರೆಗೆ ಮಂಜೂರಾತಿ ಕೊಡಬಾರದು. ಕೊಡುವುದಾದರೆ ಎತ್ತರ ಇಳಿಸಬೇಕು, ಪಾರ್ಕಿಂಗ್ ಕಟ್ಟಡದ ಒಳಗೇ ಇರಬೇಕು." ಒಂದು ಪುಟ ಸಾಕು. ಕೊನೇ ವಾಕ್ಯ ಮರೆಯಬೇಡಿ. ಪೂರ್ತಿ ಬೇಡ ಅನ್ನುವವರೂ ಎರಡನೇ ಬೇಡಿಕೆ ಇಟ್ಟಿರಲೇಬೇಕು, ಮೊದಲನೆಯದು ಬಿದ್ದುಹೋದರೆ ಕೈಯಲ್ಲಿ ಅದಾದರೂ ಉಳಿಯುತ್ತದೆ.

ಹೋಟೆಲ್ ಬರಲಿ ಅನ್ನುವವರೂ ಬರೆಯಿರಿ, ಅದು ಪಾಪ ಅಲ್ಲ. ಆದರೆ "ಅಭಿವೃದ್ಧಿ ಬೇಕು" ಅಂತ ಬರೀ ಒಂದು ಸಾಲು ಬೇಡ. ಯಾವ ಷರತ್ತಿನ ಮೇಲೆ ಬೇಕು ಅಂತ ಬರೆಯಿರಿ: ಗುಡಿಯ ದಾರಿ ಕಲ್ಲು ಹಾಸಿ ಕೊಡಲಿ, ಪ್ರವಾಸಿ ಬಸ್ಸು ನಿಲ್ಲಲು ಜಾಗ ಬಿಡಲಿ.

ಒಂದೇ ಒಕ್ಕಣೆಯ ಅರ್ಜಿಯನ್ನು ಐನೂರು ಜೆರಾಕ್ಸ್ ಮಾಡಿ ಸಹಿ ಹಾಕಿಸುವುದಕ್ಕಿಂತ, ಬೇರೆ ಬೇರೆ ಮನೆಯವರು ಬೇರೆ ಬೇರೆ ತೊಂದರೆ ಬರೆದ ಇಪ್ಪತ್ತು ಅರ್ಜಿ ಮೇಲು ಅಂತ ನನ್ನ ಲೆಕ್ಕ. ಬೀದಿಗೆ ಇಳಿಯಬಾರದು ಅಂತ ಅಲ್ಲ. 2011ರಲ್ಲಿ ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬೇಡ ಅಂತ ರೈತರು, ತೋಂಟದ ಸಿದ್ಧಲಿಂಗ ಸ್ವಾಮೀಜಿ ಎದ್ದು ನಿಂತಾಗ ಸರ್ಕಾರ ಹಿಂದೆ ಸರಿದಿತ್ತು. ಅಲ್ಲಿದ್ದದ್ದು ಉಳುವ ಭೂಮಿಯ ಮಾತು, ಊರಿಗೆ ಊರೇ ಒಂದಾಗಿತ್ತು. ಹೋಟೆಲ್ ವಿಷಯಕ್ಕೆ ಅಷ್ಟು ಜನ ಸೇರುವುದು ಕಷ್ಟ, ಹಾಗಾಗಿ ಕಾಗದವೇ ಗಟ್ಟಿ ಇರಬೇಕು.

ಅರ್ಜಿ ಎರಡು ಪ್ರತಿ ತಗೊಂಡು ಹೋಗಿ. ಟಪಾಲು ವಿಭಾಗದಲ್ಲಿ ಒಂದು ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. "ನಾಳೆ ಬನ್ನಿ" ಅಂದರೆ ಜಗಳ ಆಡಬೇಡಿ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಇಷ್ಟಾದ ಮೇಲೂ ನಿಮ್ಮ ಆಕ್ಷೇಪಣೆಗೆ ಒಂದು ಸಾಲಿನ ಉತ್ತರವೂ ಇಲ್ಲದೆ ಮಂಜೂರಾತಿ ಕೊಟ್ಟರೆ, ವಕೀಲರು ಮೊದಲು ಕೇಳುವುದು ಆ ಸೀಲು ಬಿದ್ದ ಪ್ರತಿಯನ್ನೇ. ಹೈಕೋರ್ಟ್ ಪೀಠವೂ ಧಾರವಾಡದಲ್ಲೇ ಇದೆ, ಬಸ್ಸು ಹತ್ತಿದರೆ ಆಯಿತು.