ಹಾಲಿನ ಸ್ಯಾಂಪಲ್ ತೆಗೆಯುವುದು ಹೇಗೆ: ಲ್ಯಾಬಿಗೆ ಹೋಗಬೇಕಾದ್ದು ಕೆಚ್ಚಲೊಳಗಿನ ರೋಗ, ನಿಮ್ಮ ಕೈಯ ಕೊಳೆಯಲ್ಲ

ಹಸುವಿಗೆ ಕೆಚ್ಚಲು ಬಾವು. ಎರಡು ಸಲ ಔಷಧಿ ಹಾಕಿಸಿದರೂ ಹೋಗಿಲ್ಲ. ಹಾಲನ್ನು ಲ್ಯಾಬಿಗೆ ಕಳಿಸಿ ನೋಡೋಣ ಎಂದು ಡಾಕ್ಟರು ಹೇಳಿದ್ದಾರೆ. ಇಲ್ಲಿಂದ ಮುಂದೆ ನಡೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೂಲೆಯಲ್ಲಿದ್ದ ಖಾಲಿ ಔಷಧಿ ಬಾಟಲಿಯನ್ನು ನಲ್ಲಿ ನೀರಿನಲ್ಲಿ ತೊಳೆದು, ಅದರ ತುಂಬಾ ಹಾಲು ಕರೆದು, ಅಂಗಿ ಜೇಬಿನಲ್ಲಿಟ್ಟುಕೊಂಡು, ದಾರಿಯಲ್ಲಿ ಇನ್ನೆರಡು ಕೆಲಸ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಲ್ಯಾಬಿಗೆ ಮುಟ್ಟಿಸುತ್ತಾರೆ. ಎರಡು ದಿನ ಬಿಟ್ಟು ವರದಿ ಬರುತ್ತದೆ: ಸ್ಯಾಂಪಲ್ ಕೆಟ್ಟಿದೆ, ಮತ್ತೆ ಕಳಿಸಿ. ಲ್ಯಾಬಿನವರಿಗೆ ಏನೂ ಬರಲ್ಲ ಎಂಬ ಬೈಗುಳ ಬೇರೆ.

ಲ್ಯಾಬಿನವರು ಮಾಡುವುದು ಇಷ್ಟೇ. ಹಾಲಿನಿಂದ ಬರೀ 0.01 ಮಿಲಿಲೀಟರ್ ತೆಗೆದು, ರಕ್ತ ಬೆರೆಸಿದ ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಇರುವ ತಟ್ಟೆಯ ಮೇಲೆ ಸವರಿ, 37 ಡಿಗ್ರಿ ಶಾಖದಲ್ಲಿ ಒಂದೆರಡು ದಿನ ಇಡುತ್ತಾರೆ. ಹಾಲಿನಲ್ಲಿದ್ದ ಬ್ಯಾಕ್ಟೀರಿಯಾ ಚುಕ್ಕೆಚುಕ್ಕೆಯಾಗಿ ಬೆಳೆಯುತ್ತವೆ. ಒಂದು ಚುಕ್ಕೆ ಕಂಡರೆ ಒಂದು ಮಿಲಿಲೀಟರಿನಲ್ಲಿ ಸುಮಾರು 100 ಇದ್ದವು ಎಂದು ಲೆಕ್ಕ. ಸಗಣಿಯಲ್ಲಿ ಗ್ರಾಂಗೆ ಲಕ್ಷಗಟ್ಟಲೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಗಣಿ ಬಿದ್ದರೂ ಸಾಕು, ತಟ್ಟೆಯ ತುಂಬಾ ಅವೇ. ಮೂರು ಅಥವಾ ಅದಕ್ಕಿಂತ ಜಾಸ್ತಿ ಬಗೆಯ ಚುಕ್ಕೆಗಳು ಎದ್ದರೆ ಅದು ಕೆಚ್ಚಲಿನದಲ್ಲ, ಹೊರಗಿನ ಕೊಳೆ ಎಂದು ಪಕ್ಕಕ್ಕಿಡುತ್ತಾರೆ. ಅದರಲ್ಲಿ ಅವರ ತಪ್ಪೇನಿದೆ?

ಮೊದಲನೆಯದು: ಔಷಧಿಗೆ ಮುಂಚೆ ಸ್ಯಾಂಪಲ್

ಆ್ಯಂಟಿಬಯಾಟಿಕ್ ಕೊಟ್ಟ ಮೇಲೆ ತೆಗೆದ ಹಾಲಿನಲ್ಲಿ ಏನೂ ಬೆಳೆಯದಿರಬಹುದು. ಹಾಗಂತ ಕೆಚ್ಚಲಿನಲ್ಲಿ ಏನೂ ಇಲ್ಲ ಎಂದಲ್ಲ, ಔಷಧಿ ಅವನ್ನು ಸದ್ಯಕ್ಕೆ ಅದುಮಿಟ್ಟಿದೆ ಅಷ್ಟೆ. ಹಸುವಿಗೆ ಜ್ವರ ಬಂದು, ಮೇವು ಬಿಟ್ಟು, ಹಾಲು ನೀರಿನಂತಾಗಿದ್ದರೆ ವರದಿಗೆ ಕಾಯಬೇಡಿ, ಡಾಕ್ಟರನ್ನು ತಕ್ಷಣ ಕರೆಸಿ. ಆದರೆ ಅವರು ಸೂಜಿ ತುಂಬಿಕೊಳ್ಳುವ ಐದು ನಿಮಿಷದಲ್ಲಿ ಸ್ಯಾಂಪಲ್ ತೆಗೆದುಕೊಳ್ಳಬಹುದಲ್ವಾ? ಹಾಲಿನಲ್ಲಿ ಬರೀ ಗರಣೆ ಬರುತ್ತಿದೆ, ಹಸು ಚೆನ್ನಾಗಿದೆ ಎಂದಾದರೆ ಒಂದು ದಿನ ಕಾಯುವುದರಿಂದ ನಷ್ಟವಿಲ್ಲ. ಇಂಥ ಹಸುಗಳಲ್ಲಿ ಹಾಲಿನಲ್ಲಿ ಏನು ಬೆಳೆಯುತ್ತದೆ ಎಂದು ಮೊದಲು ನೋಡಿ, ಬೇಕಾದವಕ್ಕೆ ಮಾತ್ರ ಔಷಧಿ ಕೊಟ್ಟ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೆಚ್ಚಲಿಗೆ ಹಾಕುವ ಆ್ಯಂಟಿಬಯಾಟಿಕ್ ಅರ್ಧದಷ್ಟು ಉಳಿಯಿತು, ಹಸುಗಳ ಸ್ಥಿತಿ ಅದರಿಂದ ಕೆಡಲಿಲ್ಲ. ಆದರೂ ಕಾಯಬೇಕೋ ಬೇಡವೋ ಎಂಬುದನ್ನು ಹಸುವನ್ನು ನೋಡಿದ ಡಾಕ್ಟರೇ ಹೇಳಲಿ.

ಎರಡನೆಯದು: ಯಾವ ಮೊಲೆ?

ಬಾವು ಕಣ್ಣಿಗೆ ಕಾಣುತ್ತಿದ್ದರೆ ಇದನ್ನು ಬಿಟ್ಟು ಮುಂದಕ್ಕೆ ಹೋಗಿ. ಕಾಣದಿದ್ದರೆ, ಅಂದರೆ ಸುಪ್ತ ಕೆಚ್ಚಲು ಬಾವು ಎಂಬ ಅನುಮಾನವಿದ್ದರೆ, ಕ್ಯಾಲಿಫೋರ್ನಿಯಾ ಪರೀಕ್ಷೆ ಮಾಡಿ, ಅದಕ್ಕೆ ನಾಲ್ಕು ಬಟ್ಟಲಿನ ತಟ್ಟೆ (ಪ್ಯಾಡಲ್) ಮತ್ತು ಅದರ ದ್ರಾವಣ ಬೇಕು. ಈ ಪರೀಕ್ಷೆಯನ್ನು ಶಾಮ್ ಮತ್ತು ನೂರ್‌ಲ್ಯಾಂಡರ್ ಎಂಬಿಬ್ಬರು 1957ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಕೊಟ್ಟಿಗೆಯಲ್ಲೇ ನಿಂತು ಮಾಡಲು ಇದಕ್ಕಿಂತ ಸುಲಭದ್ದು ನನಗೆ ಕಂಡಿಲ್ಲ. ಮೊದಲ ಮೂರ್ನಾಲ್ಕು ಧಾರೆ ಬೇರೆ ಪಾತ್ರೆಗೆ ಕರೆದು, ಆಮೇಲೆ ಪ್ರತಿ ಮೊಲೆಯಿಂದ ಅದರದೇ ಬಟ್ಟಲಿಗೆ ಸ್ವಲ್ಪ ಹಾಲು, ಸುಮಾರು 2 ಮಿಲಿಲೀಟರ್. ಅಷ್ಟೇ ಪ್ರಮಾಣದ ದ್ರಾವಣ. 10 ಸೆಕೆಂಡು ದುಂಡಗೆ ತಿರುಗಿಸುತ್ತಲೇ ನೋಡಿ. ಪ್ಯಾಡಲ್ ಕೆಳಗಿಟ್ಟು ಮೊಬೈಲ್ ತೆಗೆಯಲು ಹೋಗಬೇಡಿ, ಸಣ್ಣ ಪ್ರತಿಕ್ರಿಯೆ 20 ಸೆಕೆಂಡಿನಲ್ಲಿ ಮಾಯವಾಗುತ್ತದೆ. ಹಾಲು ನೀರಿನಂತೆ ಹರಿದಾಡಿದರೆ ಸರಿ. ಲೋಳೆಯಾದರೆ ಬಾವು. ಮುದ್ದೆಯಾಗಿ ನಡುವೆ ಗುಡ್ಡೆ ಕಟ್ಟಿದರೆ ಜೋರಾಗಿಯೇ ಇದೆ.

ಲೋಳೆ ಬರುವುದು ಬ್ಯಾಕ್ಟೀರಿಯಾದಿಂದಲ್ಲ. ಅವುಗಳ ಜೊತೆ ಹೋರಾಡಲು ಹಾಲಿಗೆ ಇಳಿದ ಬಿಳಿ ರಕ್ತಕಣಗಳಿಂದ. ದ್ರಾವಣದಲ್ಲಿರುವ ಸೋಪು ಆ ಕಣಗಳನ್ನು ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಬಂದು ಅಂಟಾಗುತ್ತದೆ. ಹಾಗಾಗಿ ಬಟ್ಟೆ ಒಗೆಯುವ ಪುಡಿಯನ್ನು ನೀರಿನಲ್ಲಿ 3% ಕಲಸಿದರೂ ಲೋಳೆ ಕಾಣುತ್ತದೆ, ಇದರ ಮೇಲೂ ಸಂಶೋಧನೆ ನಡೆದಿದೆ. ತುರ್ತಿಗೆ ಅಡ್ಡಿಯಿಲ್ಲ. ಪರೀಕ್ಷೆಯ ದ್ರಾವಣದಲ್ಲಿ ಬಣ್ಣ ಬದಲಾಗುವ ಸುಳಿವೂ ಸಿಗುತ್ತದೆ, ಪುಡಿಯಲ್ಲಿ ಅದು ಮಾತ್ರ ಸಿಗುವುದಿಲ್ಲ. ಇನ್ನು ಬಣ್ಣ ಮಾತ್ರ ತೋರಿಸುವ ಕಾಗದದ ಪಟ್ಟಿಗಳು ಬರುತ್ತವೆ, ಅವು ನೋಡುವುದು ಹಾಲಿನ ಕ್ಷಾರವನ್ನು ಅಷ್ಟೇ, ಕಣಗಳನ್ನಲ್ಲ. ಸಣ್ಣ ಬಾವು ಅವುಗಳ ಕಣ್ಣು ತಪ್ಪಿಸಿಬಿಡುತ್ತದೆ, ನಾನಂತೂ ಕೊಳ್ಳಲ್ಲ. ಒಂದು ಮಾತು ನೆನಪಿಡಿ: ಈಗಷ್ಟೇ ಕರು ಹಾಕಿದ ಹಸು, ಹಾಲು ಬತ್ತಿಸುವ ಹಂತದಲ್ಲಿರುವ ಹಸು, ಇವೆರಡರಲ್ಲೂ ಬಾವಿಲ್ಲದೆಯೇ ಲೋಳೆ ಬರಬಹುದು. ಆಡಿನ ಹಾಲಿನಲ್ಲೂ ಅಷ್ಟೆ. ಅದರ ಕೆಚ್ಚಲು ಹಾಲು ಸುರಿಸುವ ರೀತಿಯೇ ಬೇರೆ, ತುಸು ಲೋಳೆ ಕಂಡರೆ ಗಾಬರಿಯಾಗಬೇಡಿ.

ಮೂರನೆಯದು: ಮೊಲೆ ಒರೆಸುವುದು, ಎಲ್ಲರೂ ಎಡವುವುದು ಇಲ್ಲೇ

ಕೆಚ್ಚಲನ್ನು ಪೂರ್ತಿ ತೊಳೆಯಬೇಡಿ. ಬಕೆಟ್ ನೀರು ಹೊಯ್ದು ತೊಳೆದರೆ ಚೊಕ್ಕಟವಾಯಿತು ಅನ್ನಿಸುತ್ತದೆ, ನಿಜವಾಗಿ ಆಗುವುದು ಬೇರೆ. ಮೇಲಿನ ಕೊಳೆಯೆಲ್ಲ ನೀರಿನ ಜೊತೆ ಜಾರಿ ಮೊಲೆಯ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ನೀವು ಸ್ಯಾಂಪಲ್ ತೆಗೆಯುವಾಗ ಆ ಹನಿ ನೇರ ಡಬ್ಬಿಗೆ. ಮೊಲೆಗಳು ತುಂಬಾ ಗಲೀಜಾಗಿದ್ದರೆ ಅವಷ್ಟನ್ನೇ ಕಡಿಮೆ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಇಲ್ಲದಿದ್ದರೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಹಿಂದಿನ ಹಸುವಿಗೆ ಬಳಸಿದ ಬಟ್ಟೆ ಬೇಡ, ದಯವಿಟ್ಟು.

ಕೈ ಸೋಪಿನಲ್ಲಿ ತೊಳೆದು ಹೊಸ ಗ್ಲೌಸ್ ಹಾಕಿಕೊಳ್ಳಿ. ಗ್ಲೌಸ್ ಹಾಕಿದ ಮೇಲೆ ಹಗ್ಗ ಮುಟ್ಟಿದಿರಿ, ಬಾಲ ಸರಿಸಿದಿರಿ, ಮೂಗು ಒರೆಸಿಕೊಂಡಿರಿ ಎಂದಾದರೆ ಗ್ಲೌಸ್ ಹಾಕಿದ್ದಕ್ಕೆ ಅರ್ಥವೇ ಇಲ್ಲ. ಬಾಲ ಬೀಸುವ, ಒದೆಯುವ ಹಸುವಾದರೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಮಾಡಿ ಡಬ್ಬಿಯನ್ನು ಸಗಣಿಗೆ ಬೀಳಿಸಿ, ಎತ್ತಿ, ಒರೆಸಿ, ಅದರಲ್ಲೇ ಹಾಲು ಹಿಡಿದವರನ್ನು ನೋಡಿದ್ದೇನೆ.

ಮೂರ್ನಾಲ್ಕು ಧಾರೆ ಕರೆದು ಬಿಡಿ, ನೆಲಕ್ಕಲ್ಲ, ಒಂದು ಪಾತ್ರೆಗೆ. ಮೊಲೆಯ ತುದಿಯ ಸಣ್ಣ ದಾರಿಯಲ್ಲಿ ಕೂತ ಬ್ಯಾಕ್ಟೀರಿಯಾ ಅದರಲ್ಲಿ ಹೊರಗೆ ಹೋಗುತ್ತವೆ. ಆಮೇಲೆ ಅಯೋಡಿನ್ ಟೀಟ್ ಡಿಪ್‌ನಲ್ಲಿ ಮೊಲೆ ಅದ್ದಿ. ಈಗ ನಿಜವಾಗಿಯೂ 30 ಸೆಕೆಂಡು ಎಣಿಸಿ. ಅದ್ದಿದ ತಕ್ಷಣ ಒರೆಸಿದರೆ ಔಷಧಿ ಕೆಲಸವನ್ನೇ ಶುರು ಮಾಡಿರುವುದಿಲ್ಲ. ಎಣಿಸಿ ಆದಮೇಲೆ ಒಣ ಕಾಗದದಿಂದ ಒರೆಸಿ, ಪ್ರತಿ ಮೊಲೆಗೂ ಬೇರೆ ಕಾಗದ. ಸುವಾಸನೆಯ ಒದ್ದೆ ಟಿಶ್ಯೂ ಪೊಟ್ಟಣ ಬೇಡ, ಅದು ಕೊಳೆಯನ್ನು ತೆಗೆಯುವುದಕ್ಕಿಂತ ಜಾಸ್ತಿ ಸವರುತ್ತದೆ.

ಕೊನೆಗೆ 70% ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ. 100% ಸ್ಪಿರಿಟ್ ಇನ್ನೂ ಚೆನ್ನಾಗಿ ಕೊಲ್ಲುತ್ತದೆ ಎಂದು ಅಂದುಕೊಳ್ಳುವವರಿದ್ದಾರೆ. ಇಲ್ಲ, ಬ್ಯಾಕ್ಟೀರಿಯಾದ ಪ್ರೋಟೀನು ಕೆಡಲು ಸ್ವಲ್ಪ ನೀರೂ ಬೇಕು. ಹತ್ತಿಯಿಂದ ಮೊಲೆಯ ತುದಿಯನ್ನು, ಅಂದರೆ ಹಾಲು ಹೊರಬರುವ ತೂತಿನ ಸುತ್ತ, ತಿಕ್ಕಿ. ಮೆತ್ತಗೆ ಮುಟ್ಟಿ ಬಿಡುವುದಲ್ಲ, ತಿಕ್ಕುವುದು. ಹತ್ತಿ ನೋಡಿ, ಕಂದು ಬಣ್ಣ ಹತ್ತಿದ್ದರೆ ಇನ್ನೊಂದು ಹೊಸ ಹತ್ತಿ, ಮತ್ತೂ ಹತ್ತಿದರೆ ಮತ್ತೊಂದು. ಬೆಳ್ಳಗೆ ಉಳಿಯುವವರೆಗೂ ನಿಲ್ಲಿಸಬೇಡಿ. ಒಂದೇ ಹತ್ತಿಯಲ್ಲಿ ನಾಲ್ಕು ಮೊಲೆ ಒರೆಸಿದರೆ ಒಂದರ ರೋಗ ನಾಲ್ಕಕ್ಕೂ ಹಂಚಿದಂತೆ.

ಇನ್ನು ಯಾರೂ ಹೇಳಿಕೊಡದ ಗುಟ್ಟು: ಒರೆಸುವಾಗ ನಿಮಗೆ ದೂರದ ಮೊಲೆಗಳು ಮೊದಲು, ಹತ್ತಿರದವು ಆಮೇಲೆ. ಹಾಲು ಹಿಡಿಯುವಾಗ ಉಲ್ಟಾ, ಹತ್ತಿರದವು ಮೊದಲು, ದೂರದವು ಆಮೇಲೆ. ಹೀಗೆ ಮಾಡಿದರೆ ಒರೆಸಿದ ಮೊಲೆಗೆ ನಿಮ್ಮ ತೋಳು ತಾಗುವುದಿಲ್ಲ. ಸ್ಪಿರಿಟ್ ಒಣಗಲಿ. ಆತುರಪಟ್ಟರೆ ಸ್ಪಿರಿಟ್ ಹನಿ ಹಾಲಿಗೆ ಬಿದ್ದು ನಮಗೆ ಬೇಕಾದ ಬ್ಯಾಕ್ಟೀರಿಯಾವನ್ನೇ ಕೊಂದುಬಿಡಬಹುದು.

ಮನೆಯಲ್ಲಿ ನಾಯಿ ಸಾಕಿದವರಿಗೂ ಒಂದು ಮಾತು. ನಾಯಿಯ ಮೂತ್ರದಲ್ಲಿ ಸೋಂಕಿದೆಯಾ ಎಂದು ನೋಡಲು ನೆಲದ ಮೇಲಿನ ಮೂತ್ರವನ್ನು ಸಿರಿಂಜಿನಲ್ಲಿ ಎಳೆದು ತರುವವರಿದ್ದಾರೆ. ಕಥೆ ಇದೇ. ಬೆಳೆಯುವುದು ನಿಮ್ಮ ನೆಲದ ಬ್ಯಾಕ್ಟೀರಿಯಾ. ಅದಕ್ಕೇ ಡಾಕ್ಟರು ಹೊಟ್ಟೆಯ ಮೇಲಿಂದ ಸೂಜಿ ಚುಚ್ಚಿ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ನೋಡಲು ಭಯವಾಗುತ್ತದೆ, ಆದರೆ ನಂಬಬಹುದಾದ ಸ್ಯಾಂಪಲ್ ಅದು.

ನಾಲ್ಕನೆಯದು: ಹಾಲು ಹಿಡಿಯುವುದು

ಡಬ್ಬಿ ಲ್ಯಾಬಿನಿಂದಲೇ ತನ್ನಿ, ಮುಚ್ಚಳ ಬಿಗಿಯಾಗಿರುವ ಸ್ಟೆರೈಲ್ (ಕ್ರಿಮಿಯಿಲ್ಲದ) ಡಬ್ಬಿ. ಔಷಧಿ ಬಾಟಲಿಯಲ್ಲಿ ಉಳಿದ ಒಂದು ಹನಿ ಆ್ಯಂಟಿಬಯಾಟಿಕ್ ಸಾಕು ಇಡೀ ಸ್ಯಾಂಪಲ್ ಹಾಳಾಗಲು. ಹಾಲು ಹಿಡಿಯುವ ಮುಂಚೆಯೇ ಡಬ್ಬಿಯ ಮೇಲೆ ಹಸುವಿನ ನಂಬರು, ಮೊಲೆ, ದಿನಾಂಕ ಬರೆಯಿರಿ. ಒದ್ದೆ ಡಬ್ಬಿಯ ಮೇಲೆ ಪೆನ್ನು ಬರೆಯಲ್ಲ. ಎಡ ಬಲ ಎಂದರೆ ಹಸುವಿನ ಎಡ ಬಲ. ಹಸುವಿನ ಹಿಂದೆ ನಿಂತು ಅದು ನೋಡುವ ಕಡೆಗೇ ನೀವೂ ನೋಡಿದರೆ ಗೊಂದಲವಿಲ್ಲ. ಇದೊಂದು ತಪ್ಪಿನಿಂದ ಚೆನ್ನಾಗಿದ್ದ ಮೊಲೆಗೆ ಔಷಧಿ ಹಾಕಿ, ಬಾವು ಬಂದ ಮೊಲೆಯನ್ನು ಹಾಗೇ ಬಿಟ್ಟದ್ದೂ ಉಂಟು.

ಇನ್ನೊಂದು ಧಾರೆ ಹೊರಗೆ ಬಿಡಿ. ಮುಚ್ಚಳ ತೆಗೆದು ಅದರ ಒಳಬದಿ ಕೆಳಗೆ ಇರುವಂತೆ ಬೆರಳ ಸಂದಿನಲ್ಲೇ ಹಿಡಿದುಕೊಳ್ಳಿ, ನೆಲದ ಮೇಲೋ ಹಸುವಿನ ಬೆನ್ನ ಮೇಲೋ ಇಡಬೇಡಿ. ಡಬ್ಬಿಯನ್ನು ಓರೆಯಾಗಿ, ಸುಮಾರು 45 ಡಿಗ್ರಿ, ಹಿಡಿಯಿರಿ. ನೆಟ್ಟಗೆ ಹಿಡಿದರೆ ಕೆಚ್ಚಲಿನ ಕೂದಲು, ಧೂಳು ಎಲ್ಲ ಅದರೊಳಕ್ಕೆ. ಮೊಲೆಯನ್ನು ಡಬ್ಬಿಯ ಕಡೆಗೆ ತಿರುಗಿಸಿ ಒಂದೆರಡು ಧಾರೆ ಹೊಡೆಯಿರಿ, ಡಬ್ಬಿಯ ಬಾಯಿ ಮೊಲೆಗೆ ತಾಗದಿರಲಿ. 3 ರಿಂದ 5 ಮಿಲಿಲೀಟರ್ ಸಾಕು. ತುಂಬಾ ಕೊಟ್ಟರೆ ಚೆನ್ನಾಗಿ ಪರೀಕ್ಷೆ ಮಾಡುತ್ತಾರೆ ಎಂಬುದು ಸುಮ್ನೆ ನಂಬಿಕೆ. ತಕ್ಷಣ ಮುಚ್ಚಿ.

ಐದನೆಯದು: ತಣ್ಣಗೆ, ಬೇಗ

ಬೆಚ್ಚಗಿದ್ದರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲದು. ಒಂದೇ ಒಂದು ಬ್ಯಾಕ್ಟೀರಿಯಾ ನಾಲ್ಕು ಗಂಟೆಯಲ್ಲಿ ನಾಲ್ಕು ಸಾವಿರ ದಾಟುತ್ತದೆ. ಸ್ಯಾಂಪಲ್ಲಿಗೆ ಜೇಬು ಬೇಡ ಎನ್ನುವುದು ಅದಕ್ಕೇ. ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, 24 ಗಂಟೆಯೊಳಗೆ ತಲುಪಿಸಿ. ಆಗದಿದ್ದರೆ ಫ್ರೀಜರಿಗೆ. ಬಾವು ತರುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೋಕಾಕಸ್ ಎಂಬುದು ಫ್ರೀಜರಿನಲ್ಲಿ ಆರಾಮಾಗಿ ಉಳಿಯುತ್ತದೆ. ಇ. ಕೋಲೈ, ಮೈಕೋಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಹಾಗಾಗಿ ಫ್ರೀಜ್ ಮಾಡಿದ್ದೇವೆ ಎಂದು ಚೀಟಿಯಲ್ಲಿ ಬರೆಯಿರಿ. ಕರಗಿಸಿ ಮತ್ತೆ ಫ್ರೀಜ್ ಮಾಡಬೇಡಿ.

ವರದಿ ಬಂದ ಮೇಲೆ

'ಏನೂ ಬೆಳೆದಿಲ್ಲ' ಎಂದು ಬಂದರೆ ಸಿಟ್ಟಾಗಬೇಡಿ. ಇ. ಕೋಲೈ ಬಾವಿನಲ್ಲಿ ಹಾಲು ಕೆಟ್ಟದ್ದು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಹಸುವಿನ ದೇಹವೇ ಅದನ್ನು ಮುಗಿಸಿರುವುದುಂಟು. ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೆ ಎಂಬ ಬ್ಯಾಕ್ಟೀರಿಯಾ ಎಂದಿದ್ದರೆ ಒಂದು ರೀತಿ ಅದೃಷ್ಟ, ಪೆನಿಸಿಲಿನ್‌ಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ಹಾಲು ಕರೆಯುವ ಕೈಯಿಂದ ಹಸುವಿನಿಂದ ಹಸುವಿಗೆ ಹರಡುತ್ತದೆ, ಉಳಿದವನ್ನೂ ಪರೀಕ್ಷಿಸಿ. ಮೈಕೋಪ್ಲಾಸ್ಮಾಕ್ಕೆ ಕೋಶದ ಗೋಡೆಯೇ ಇಲ್ಲ. ಗೋಡೆ ಒಡೆಯುವ ಪೆನಿಸಿಲಿನ್ ಅದನ್ನು ಏನು ಮಾಡೀತು? ಪ್ರೊಟೊಥೀಕಾ ಎಂದರೆ ಅದು ಪಾಚಿಯ ಜಾತಿ, ಆ್ಯಂಟಿಬಯಾಟಿಕ್ ಟ್ಯೂಬು ಹಾಕುವುದು ದಂಡ. ಯಾವುದಕ್ಕೆ ಯಾವ ಔಷಧಿ ಎಂದು ಸೆನ್ಸಿಟಿವಿಟಿ ವರದಿ (ಯಾವ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ ಎಂಬ ಪರೀಕ್ಷೆಯ ವರದಿ) ನೋಡಿ ಡಾಕ್ಟರು ಹೇಳುತ್ತಾರೆ, ಪಕ್ಕದ ಕೊಟ್ಟಿಗೆಯವರಲ್ಲ.

ಸ್ಟ್ಯಾಫಿಲೋಕಾಕಸ್ ಆರಿಯಸ್ ಮಾತ್ರ ಕಳ್ಳ. ಕೆಚ್ಚಲಿನ ಒಳಗೆ ಗಂಟು ಕಟ್ಟಿ ಅಡಗಿ ಕೂತು, ಒಂದು ದಿನ ಹಾಲಿಗೆ ಬರುತ್ತದೆ, ಇನ್ನೊಂದು ದಿನ ಬರುವುದಿಲ್ಲ. ಅನುಮಾನವಿದ್ದು ಮೊದಲ ವರದಿಯಲ್ಲಿ ಸಿಗದಿದ್ದರೆ ಕೆಲವು ದಿನ ಬಿಟ್ಟು ಅದೇ ಮೊಲೆಯಿಂದ ಮತ್ತೆ ಸ್ಯಾಂಪಲ್ ಕೊಡಿ. ಚಿಕಿತ್ಸೆ ಮುಗಿದು ಎರಡು ಮೂರು ವಾರವಾದ ಮೇಲೂ ಒಂದು ಸಲ. ಹಾಲು ಬೆಳ್ಳಗೆ ಕಂಡಿತು ಎಂದು ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಅಲ್ಲಿಯವರೆಗೆ ಆ ಹಸುವನ್ನು ಎಲ್ಲಕ್ಕಿಂತ ಕೊನೆಗೆ ಕರೆಯಿರಿ, ಆ ಹಾಲನ್ನು ಕರುವಿಗೆ ಕುಡಿಸಬೇಡಿ.