ಮಳೆಗಾಲದಲ್ಲಿ ಕ್ಲಾಸು, ತೆರೆದ ಕಿಟಕಿ

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ಅಟೆಂಡರ್. ಕೊರೊನಾ ಕಾಲದಲ್ಲಿ, 2021ರ ಜುಲೈ 26ರಿಂದ ಡಿಗ್ರಿ ಕಾಲೇಜು ತೆರೆಯಬಹುದು, ಬರುವವರಿಗೆ ಒಂದು ಡೋಸ್ ಲಸಿಕೆಯಾದರೂ ಆಗಿರಬೇಕು ಅಂತ ಸರ್ಕಾರ ಹೇಳಿತಲ್ವಾ, ಆಗ ಲಸಿಕೆ ಸರ್ಟಿಫಿಕೇಟು, ಕೇರಳದಿಂದ ತಲಪಾಡಿ ಗಡಿ ದಾಟಿ ಬರುವವರ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ರಿಪೋರ್ಟು ಎಲ್ಲ ಆಫೀಸಿನವರು ನೋಡಿಕೊಂಡರು. ನನ್ನ ಪಾಲಿಗೆ ಬಂದದ್ದು ಗೇಟು, ಕಿಟಕಿ, ಸಾಬೂನು. ಇಂಥ ಕಾಯಿಲೆ ಮತ್ತೆ ಬಂದರೆ ಈ ಕೆಲಸ ಯಾರ ತಲೆಗೆ ಬೀಳುತ್ತದೋ, ಅವರಿಗಾಗಿ ಬರೆಯುತ್ತಿದ್ದೇನೆ.

ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಜಾಸ್ತಿ ನಂಬಬೇಡಿ. ಮಳೆಯಲ್ಲಿ ಬೈಕಿನಲ್ಲಿ ಬಂದ ಹುಡುಗನ ಹಣೆಗೆ ಹಿಡಿದರೆ 93 ತೋರಿಸುತ್ತಿತ್ತು. ಹಣೆ ಒರೆಸಿಸಿ, ಹತ್ತು ನಿಮಿಷ ಜಗಲಿಯಲ್ಲಿ ನಿಲ್ಲಿಸಿ, ಆಮೇಲೆ ನೋಡಿ. ಅದಕ್ಕಿಂತ "ಗಂಟಲು ಕೆರೆಯುತ್ತದಾ? ಮನೆಯಲ್ಲಿ ಯಾರಿಗಾದರೂ ಜ್ವರವಾ?" ಅಂತ ಮೆಲ್ಲಗೆ ಕೇಳುವುದು ಒಳ್ಳೆಯದು. ಹೌದು ಅಂದವರಿಗೆ ಹಾಜರಿ ಕತ್ತರಿಸುವುದಿಲ್ಲ ಅಂತ ಮೊದಲೇ ಹೇಳಿಸಿಡಿ. ಇಲ್ಲದಿದ್ದರೆ ಯಾರು ನಿಜ ಹೇಳುತ್ತಾರೆ?

ಮಾಸ್ಕ್ ಒದ್ದೆಯಾದರೆ ಉಸಿರೂ ಕಷ್ಟ, ಉಪಯೋಗವೂ ಕಡಿಮೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದವರ ಮಾಸ್ಕ್ ಹಿಂಡಿದರೆ ನೀರು ಬರುತ್ತಿತ್ತು. ಬ್ಯಾಗಿನಲ್ಲಿ ಇನ್ನೆರಡು ಒಣ ಮಾಸ್ಕ್ ಇರಲೇಬೇಕು. ಗೇಟಿನಲ್ಲೂ ಒಂದು ಡಬ್ಬಿ ಇಡಿ.

ಈಗ ಕಿಟಕಿ. ನೆಲ, ಬೆಂಚು ಒರೆಸಿ ಒರೆಸಿ ನಮ್ಮ ಸೊಂಟ ಬಿದ್ದುಹೋಯಿತು. ಆದರೆ ಈ ವೈರಸ್ಸು ಮುಖ್ಯವಾಗಿ ಹರಡುವುದು ಗಾಳಿಯಲ್ಲಿ. ಜುಲೈಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಕಿಟಕಿ ಹಾಕುವುದು. ನಮ್ಮೂರಿನಲ್ಲಿ ಮಳೆಗಾಳಿ ಹೆಚ್ಚಾಗಿ ಕಡಲಿನ ಕಡೆಯಿಂದಲೇ ಬೀಸುತ್ತದೆ. ಹಾಗಾಗಿ ಪಡುಬದಿಯದ್ದನ್ನು ಅರ್ಧ ಹಾಕಿ, ಮೂಡುಬದಿಯದ್ದನ್ನು ಪೂರ್ತಿ ತೆಗೆದು, ರೆಕ್ಕೆ ಬಡಿಯದಂತೆ ಹಗ್ಗದಲ್ಲಿ ಕಟ್ಟಿ. ಒಂದು ಪೆಡೆಸ್ಟಲ್ ಫ್ಯಾನನ್ನು ಮೂಡು ಕಿಟಕಿಯ ಹತ್ತಿರ ಹೊರಕ್ಕೆ ಮುಖ ಮಾಡಿ ಇಟ್ಟರೆ ಒಳಗಿನ ಗಾಳಿ ಹೊರಗೆ ಹೋಗುತ್ತದೆ. ಗಾಳಿ ಓಡುತ್ತಿದೆಯಾ ಅಂತ ನೋಡಲು ನಾನು ಊದುಬತ್ತಿ ಹಚ್ಚುತ್ತಿದ್ದೆ. ಕ್ಲಾಸ್‌ರೂಮಿನ ಹಿಂದಿನ ಮೂಲೆಯಲ್ಲಿ ಹೊಗೆ ಸುಮ್ನೆ ಮೇಲೆ ಹೋಗಿ ಅಲ್ಲೇ ನಿಂತಿತು. ಆ ಮೂಲೆಯ ಎರಡು ಬೆಂಚು ಅವತ್ತೇ ಜಗಲಿಗೆ ಸಾಗಿಸಿದೆ. "ಪೂಜೆಯಾ ಅಣ್ಣ?" ಅಂತ ಹುಡುಗಿಯರು ನಕ್ಕರು. ನಗಲಿ.

ಲ್ಯಾಬಿನೊಳಗೆ ಸ್ಯಾನಿಟೈಸರ್ ಇಡಲೇಬೇಡಿ, ಸಾಬೂನು ಮತ್ತು ನೀರು ಸಾಕು. ನಮ್ಮಲ್ಲಿ ಒಬ್ಬ ಕೈಗೆ ಸ್ಯಾನಿಟೈಸರ್ ಹಾಕಿಕೊಂಡು, ಅದು ಆರುವ ಮೊದಲೇ ಬರ್ನರ್ ಹಚ್ಚಲು ಹೋದ. ಬೆರಳ ತುದಿಗೆ ಬೆಂಕಿ ಹಿಡಿಯಿತು. ಸ್ಯಾನಿಟೈಸರಿನಲ್ಲಿರುವ ಸ್ಪಿರಿಟಿನ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಅವನು ಕೈ ಒದರಿದಾಗಲೇ ನಮಗೆ ಗೊತ್ತಾದದ್ದು. ನಲ್ಲಿ ಪಕ್ಕದಲ್ಲೇ ಇತ್ತು, ಒಂದು ಗುಳ್ಳೆಯಲ್ಲಿ ಮುಗಿಯಿತು. ಬಾಟಲಿಯನ್ನು ಅವತ್ತೇ ಹೊರಗಿಟ್ಟೆ.

ಕೊನೆಗೆ ಊಟ. ಕ್ಲಾಸಿನಲ್ಲಿ ಆರಡಿ ದೂರ ಕೂತವರೇ ಒಂದು ಗಂಟೆಗೆ ಮಾಸ್ಕ್ ತೆಗೆದು ಐದು ಜನ ಒಂದು ಬುತ್ತಿಗೆ ತಲೆ ಹಾಕುತ್ತಾರೆ. ಊಟದ ಹೊತ್ತನ್ನು ಎರಡು ಪಾಳಿ ಮಾಡಿ. ಜಗಲಿಯಲ್ಲಿ ಮಳೆಗೆ ಮುಖ ಮಾಡಿ ಒಂದೇ ಸಾಲಿನಲ್ಲಿ ಕೂರಿಸಿ. ಮೊದಲ ವಾರ ಗೊಣಗಿದರು, ಆಮೇಲೆ ಮಳೆ ನೋಡುತ್ತಾ ಉಣ್ಣುವುದು ಅವರಿಗೇ ಇಷ್ಟವಾಯಿತು. ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ ಮಾತ್ರ ಸಾಲಿನುದ್ದಕ್ಕೂ ಕೈ ಬದಲಾಯಿಸುವುದನ್ನು ನಿಲ್ಲಿಸಲು ನನ್ನಿಂದ ಆಗಲಿಲ್ಲ.