ಕನೂವಿನಲ್ಲಿ ಕೂತು ಫ್ಲೈ ಬೀಸಿ ಐದು ಜಾತಿ ಮೀನು

ಕನೂವಿನಿಂದ (ಹುಟ್ಟು ಹಾಕುವ ಕಿರಿದಾದ ಹಗುರ ದೋಣಿ) ಫ್ಲೈ (ಗಾಳಕ್ಕೆ ದಾರ, ಗರಿ ಕಟ್ಟಿ ಮಾಡಿದ ಹುಳದಂಥ ಹುಸಿ ಎರೆ) ಬೀಸಿದರೆ ದೋಣಿ ಮಗುಚಿಕೊಳ್ಳುತ್ತದೆ ಅಂತ ಇಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ನನ್ನ ಜೊತೆ ಮೀನು ಹಿಡಿಯುವವರೆಲ್ಲ ಹೇಳಿದ್ದರು. ಫ್ಲೈ ಏನಿದ್ದರೂ ಹೊಳೆಯ ಟ್ರೌಟ್ ಮೀನಿಗೆ, ಕೆರೆಗೆ ಮೋಟಾರ್ ಬೋಟೇ ಬೇಕು ಅನ್ನೋದು ಅವರ ವಾದ. ಹೋದ ಜೂನ್‌ನಲ್ಲಿ ಒಂದೇ ದಿನ ಬ್ಲೂಗಿಲ್, ಕ್ರಾಪಿ, ಲಾರ್ಜ್‌ಮೌತ್ ಬಾಸ್, ಸ್ಮಾಲ್‌ಮೌತ್ ಬಾಸ್, ಪೈಕ್ ಐದೂ ಸಿಕ್ಕವು. ಈಗ ಅವರೇ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ.

ತೊಂದರೆ ಇದ್ದಿದ್ದು ಗಾಳಿಯದು. ಹುಟ್ಟು ಕೆಳಗಿಟ್ಟು ಗಾಳದ ರಾಡ್ ಎತ್ತುವಷ್ಟರಲ್ಲಿ ದೋಣಿ ಅಡ್ಡ ತಿರುಗಿ ಜೊಂಡಿನೊಳಗೆ ನುಗ್ಗಿರುತ್ತಿತ್ತು. ಹಳೇ ಅಲ್ಯೂಮಿನಿಯಂ ಕನೂಗೆ ಸುಮಾರು 400 ಡಾಲರ್ ಕೊಟ್ಟಿದ್ದೆ, ಅದರ ಮೇಲೆ ಲಂಗರಿಗೆ ಇನ್ನೊಂದು 40. ದೋಣಿ ನಿಂತಿತು ನಿಜ. ಆದರೆ ಸರಪಳಿ ಅಲ್ಯೂಮಿನಿಯಂಗೆ ತಾಗಿ ಢಣ್ ಅಂದರೆ ಮೂರಡಿ ನೀರಲ್ಲಿರುವ ಬಾಸ್ ಇನ್ನೆಲ್ಲಿ ಉಳಿಯುತ್ತದೆ? ಲಂಗರು ಗ್ಯಾರೇಜ್ ಸೇರಿತು.

ಕೊನೆಗೆ ಕೆಲಸಕ್ಕೆ ಬಂದಿದ್ದು ತೂತು ಕೊರೆದ ಸಣ್ಣ ಪ್ಲಾಸ್ಟಿಕ್ ಬಕೆಟ್. ಮೂರ್ನಾಲ್ಕು ಡಾಲರ್ ಅಷ್ಟೇ. ಮುಂದಿನ ಸೀಟಿನಲ್ಲಿ ಹಿಂದುಮುಂದಾಗಿ ಕೂರುತ್ತೇನೆ, ಭಾರ ನಡುವಿಗೆ ಬರುತ್ತದೆ. ಬೆನ್ನ ಹಿಂದಿನ ತುದಿಗೆ ಹಗ್ಗ ಕಟ್ಟಿ ಬಕೆಟ್ಟನ್ನು ನೀರಿಗೆ ಬಿಡುತ್ತೇನೆ. ಅದು ಹಿಂದಕ್ಕೆ ಎಳೆಯುತ್ತದೆ, ನಾನು ಮುಖ ಮಾಡಿರುವ ತುದಿ ಗಾಳಿ ಹೋಗುವ ಕಡೆಗೆ ನೇರವಾಗಿ ನಿಲ್ಲುತ್ತದೆ. ದೋಣಿ ದಡದ ಉದ್ದಕ್ಕೂ ನಿಧಾನ ಜಾರುತ್ತಾ ಹೋಗುತ್ತದೆ, ಲೈನನ್ನು (ರಾಡಿನ ದಾರ) ಗಾಳಿಯೇ ಮುಂದಕ್ಕೆ ಒಯ್ಯುತ್ತದೆ. ಕೂತಲ್ಲಿಂದಲೇ 30 ಅಡಿ ಎಸೆದರೆ ಸಾಕು. ತೂತು ಎಷ್ಟು, ಎಲ್ಲಿ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಇನ್ನೊಂದು ಕಾಟ ಲೈನಿನದು. ಬೋಲ್ಟು, ಬೂಟು, ಹುಟ್ಟಿನ ಹಿಡಿ, ಏನು ಸಿಕ್ಕರೂ ಸುತ್ತಿಕೊಳ್ಳುತ್ತದೆ. ಲೈನು ಹಿಡಿದಿಡಲು ಸೊಂಟಕ್ಕೆ ಕಟ್ಟುವ ಬುಟ್ಟಿ ಕೂತವರಿಗೆ ಒಗ್ಗುವುದಿಲ್ಲ. ಒದ್ದೆ ಟವೆಲ್ಲನ್ನು ತೊಡೆಯಿಂದ ಕಾಲಿನವರೆಗೆ ಹಾಸಿಕೊಳ್ಳಿ. ಎಳೆದ ಲೈನು ಅದರ ಮೇಲೆ ಸುರುಳಿಯಾಗಿ ಬಿದ್ದು ಅಲ್ಲೇ ಅಂಟಿಕೊಂಡಿರುತ್ತದೆ.

ಐದೂ ಜಾತಿಗೆ ಒಂದೇ 6 ವೆಯ್ಟ್ ರಾಡ್ (ಈ ಅಂಕಿ ಹೆಚ್ಚಿದಷ್ಟೂ ರಾಡ್ ಗಟ್ಟಿ). ಪೈಕಿಗೆ 8 ಬೇಕು ಅಂತಾರೆ, ದೊಡ್ಡದಕ್ಕೆ ಸರಿ. ನನ್ನ ಕೆರೆಯ ಎರಡು ಅಡಿಯವಕ್ಕೆ ಇದೇ ಧಾರಾಳ. ಆದರೆ ಪೈಕಿನ ಹಲ್ಲು ಚೂಪು, ಲೈನಿನ ತುದಿಗೆ ತಂತಿ ಬೇಕೇ ಬೇಕು. ನೈಲಾನ್ ಕಟ್ಟಿದಷ್ಟು ದಿನ ಅಂಗಡಿಯ ಐದಾರು ಡಾಲರ್ ಫ್ಲೈಗಳು ಒಂದೊಂದಾಗಿ ಪೈಕಿನ ಬಾಯಿ ಸೇರಿದವು. ಒಂದು ಬೇಸಿಗೆಗೆ ನೂರು ಡಾಲರ್ ಮೇಲೇ ಹೋಗಿರಬೇಕು. ಪೈಕನ್ನು ದೋಣಿಯೊಳಗೆ ಎಳೆದುಕೊಳ್ಳಬೇಡಿ. ಪಕ್ಕದಲ್ಲೇ, ನೀರಿನಲ್ಲಿಟ್ಟೇ ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಿ.

ಆ ಖರ್ಚಿನಿಂದಲೇ ಫ್ಲೈ ಕಟ್ಟೋದು ಕಲಿತೆ. ಊರಿಂದ ತಂದಿದ್ದ ಹವಾಯಿ ಚಪ್ಪಲಿ ಸವೆದಿತ್ತು. ಅದರ ರಬ್ಬರ್ ಕತ್ತರಿಸಿ ಕಡಲೆಕಾಳಿನಷ್ಟು ಪಾಪರ್ (ನೀರ ಮೇಲೆ ತೇಲುವ ಫ್ಲೈ) ಮಾಡಿದೆ. ಬ್ಲೂಗಿಲ್ ಮುಗಿಬಿದ್ದವು! ಜೂನ್‌ನಲ್ಲಿ ಅವು ಮೊಟ್ಟೆ ಇಡಲು ದಡದ ಮರಳಿನಲ್ಲಿ ಗುಂಡಗೆ ಗುಳಿ ತೋಡಿರುತ್ತವೆ. ಅದರ ಮೇಲೆ ಪಾಪರ್ ಬಿಟ್ಟು ಸುಮ್ನೆ ಇರಿ, ನೀರಿನ ಉಂಗುರ ಅಳಿಯುವ ಮೊದಲೇ ಚಪ್ ಅಂತ ಎಳೆಯುತ್ತದೆ. ಕ್ರಾಪಿ ಮಾತ್ರ ಇದಕ್ಕೆ ಮೂಸಲೂ ಇಲ್ಲ. ಅದಕ್ಕೆ ನಿಧಾನ ಮುಳುಗುವ ಸಣ್ಣ ಬಿಳಿ ಫ್ಲೈ ಬೇಕು. ಬಾಸ್ ಎರಡಕ್ಕೂ ಕ್ಲೌಸರ್ ಮಿನ್ನೋ (ಸಣ್ಣ ಮೀನಿನಂತೆ ಕಾಣುವ ಫ್ಲೈ) ಸಾಕು. ವಾಲೈ ಅನ್ನುವ ಮೀನಿಗೆ ಮುಳುಗುವ ಲೈನ್ ಹಾಕಿ ಕತ್ತಲಾಗುವವರೆಗೂ ಕೂತೆ. ಈವರೆಗೆ ಒಂದೂ ಇಲ್ಲ.

ಈ ಬೇಸಿಗೆ ಈಲಿ ಊರಿನ ಆಚೆ ಬೌಂಡರಿ ವಾಟರ್ಸ್ ಅನ್ನುವ ರಕ್ಷಿತ ಕಾಡಿಗೆ ಹೊರಟಿದ್ದೇನೆ. ಅಲ್ಲಿ ಸಾವಿರಕ್ಕೂ ಜಾಸ್ತಿ ಕೆರೆಗಳಿವೆ, ಬಹುಪಾಲು ಕಡೆ ಮೋಟಾರಿಗೆ ಅವಕಾಶವಿಲ್ಲ. ಕೆರೆಯಿಂದ ಕೆರೆಗೆ ದೋಣಿ ಹೊತ್ತು ನಡೆಯಬೇಕು. ಲಂಗರಿನ ಭಾರ ಇಲ್ಲ, ಬಕೆಟ್ಟಿನೊಳಗೇ ಊಟದ ಸಾಮಾನು ತುಂಬಿಕೊಂಡು ಹೋಗಬಹುದು. ತೂತು ಇದೆಯಲ್ಲ, ಅಕ್ಕಿ ಮಾತ್ರ ಬೇರೆ ಚೀಲದಲ್ಲಿ.